ಬೋರಕ್ಕನ ಹಾಸಿಗೆ ಊರು ದಾಟಿದ್ದು

ಕಾಲು ಒಳಗೆಳ್ಕೊ, ಕಂಬಳಿ ಸರಿಯಾಗಿ ಹೊದ್ಕೊ. ನಡುನಡುವೆ ಹೂಂ ಅಂತಿರ್ಬೇಕು, ನಿನ್ ಹೂಂ ನಿಂತ್ರೆ ನನ್ ಕತೇನೂ ನಿಲ್ತದೆ. ನಗೋ ಕತೆ ಬೇಕು ಅಂದ್ರೆ ನಿಮ್ಮಪ್ಪನ್ನ ಕೇಳು, ನನ್ ಹತ್ರ ಇವತ್ತು ಇರೋದು ಇದೊಂದೇ.

ಒಂದಾನೊಂದು ಕಾಲ್ದಲ್ಲಿ, ನಾನೂ ಹುಟ್ಟಿರ್ಲಿಲ್ಲ ನಮ್ಮಜ್ಜೀನೂ ಹುಟ್ಟಿರ್ಲಿಲ್ಲ ಅನ್ನೋ ಅಂಥ ಕಾಲ್ದಲ್ಲಿ, ಎರೆಹೊಲದ ನಡುವೆ ಒಂದೂರಿತ್ತಂತೆ, ಆ ಊರಲ್ಲಿ ಬೋರಕ್ಕ ಅಂತ ಒಬ್ಬಳು ಹೆಂಗಸು ಇದ್ಲಂತೆ. ಅವಳ ಗಂಡ ಕಾಟಯ್ಯ, ಬಾಯಿ ಬಿಟ್ರೆ ಮುತ್ತು ಉದುರ್ತದೆ ಅನ್ನೋ ಹಂಗೆ ಸುಮ್ಮನಿರೋ ಮನುಷ್ಯ. ಕಾಟಯ್ಯನಿಗೆ ಮೂರು ಜನ ತಮ್ಮಂದ್ರು. ದೊಡ್ಡೋನು ಮಾತುಗಾರ, ನಡುವಿನೋನು ಸಿಡುಕ, ಕಿರಿಯೋನು ಅಳುಬುರುಕ. ಬೋರಕ್ಕನಿಗೆ ಈರಿ ಅಂತ ಒಬ್ಬಳೇ ಮಗಳು, ನಾಲ್ಕು ವರ್ಷದ್ದು, ನಿನ್ನಷ್ಟೇ ಅಂದ್ಕೊ, ನಿನ್ನಷ್ಟೇ ತಂಟೆ. ಮನೇಲಿ ಒಂದು ಹೊನ್ನೆ ಮರದ ಮಂಚ, ಅದ್ರ ಮೇಲೆ ಅವರ ಹೊಲದ ಹತ್ತೀನೇ ತುಂಬಿದ ದಪ್ಪ ಹಾಸಿಗೆ. ಆ ಹಾಸಿಗೇಲಿ ಈರಿ ಮಧ್ಯೆ, ಅಪ್ಪ ಅಮ್ಮ ಆ ಕಡೆ ಈ ಕಡೆ ಮಲಗೋರಂತೆ.

ಆಮೇಲೆ ಒಂದು ವರ್ಷ ಊರಿಗೆ ಜ್ವರ ಬಂತಂತೆ. ಈರಿ ಆ ಹಾಸಿಗೆ ಹಿಡಿದೋಳು ಮತ್ತೆ ಏಳ್ಲಿಲ್ಲ ಕಣೋ.

ಹೂಂ ಅನ್ನು. ಹೇಳಿದ್ನಲ್ಲ, ನಗೋ ಕತೆ ಅಲ್ಲ ಅಂತ.

ಸಣ್ಣ ಮಕ್ಕಳು ಹೋದ್ರೆ ಚಟ್ಟ ಕಟ್ಟಲ್ಲ, ತಮಟೆ ಹೊಡೆಯಲ್ಲ, ನೆಂಟರಿಗೆ ಹೇಳಿ ಕಳ್ಸಲ್ಲ. ಅಪ್ಪ ಎದೆಗವಚಿಕೊಂಡು ಎತ್ಕೊಂಡು ಹೋಗಿ ಮಣ್ಣು ಮಾಡಿ ಬರ್ತಾನೆ. ತಾಯಿ ಹೊಸಲು ದಾಟೋ ಹಂಗಿಲ್ಲ. ಕಾಟಯ್ಯ ಹಂಗೇ ಎತ್ಕೊಂಡು ಹೋದ್ನಂತೆ, ಬರಿಗೈಲಿ ವಾಪಸ್ ಬಂದ್ನಂತೆ. ಬೋರಕ್ಕ ಅಳ್ಲೇ ಇಲ್ವಂತೆ. ಒಳಗೆ ಹೋಗಿ ನೋಡಿದ್ರೆ ಹಾಸಿಗೆ ನಡುವೆ ಮಗು ಮಲಗಿದ್ದ ತಗ್ಗು ಹಂಗೇ ಇತ್ತಂತೆ, ತಲೆ ಇದ್ದ ಕಡೆ ದುಂಡಗೆ, ಮೊಣಕಾಲು ಮಡಚಿದ್ದ ಕಡೆ ಸೊಟ್ಟಕ್ಕೆ. ಅವತ್ತಿಂದ ಬೋರಕ್ಕ ನೆಲದ ಮೇಲೆ ಚಾಪೆ ಹಾಸ್ಕೊಂಡಳು, ಗಂಡನ್ನೂ ಮಂಚದ ಹತ್ರ ಬಿಡ್ಲಿಲ್ಲ. ಹತ್ತಿ ಹಿಂಜೋನು ಬಿಲ್ಲು ಟಂಯ್ ಟಂಯ್ ಅನ್ನಿಸ್ಕೊಂಡು ಬೀದಿಗೆ ಬಂದು, ಏನವ್ವ ಹಾಸಿಗೆ ಗಂಟು ಕಟ್ಟಿರ್ಬೇಕಲ್ಲ ಹಿಂಜಿಕೊಡ್ಲಾ ಅಂದ್ರೆ, ಪೊರಕೆ ಹಿಡ್ಕೊಂಡು ಓಡಿಸಿದ್ಲಂತೆ. ಪಾಪ, ಅವನೇನು ಮಾಡಿದ್ದ.

ಆಮೇಲೆ ಶಾಸ್ತ್ರ ಹೇಳೋರು ಬಂದು, ಮಗು ಹೋದ ಗಳಿಗೆ ಒಳ್ಳೇದಲ್ಲ, ಈ ಮನೆ ಬಿಟ್ಟುಬಿಡಿ, ಇನ್ನು ಇಲ್ಲಿ ದೀಪ ಹಚ್ಚಬೇಡಿ ಅಂದ್ರಂತೆ. ಕಾಟಯ್ಯ ಮೂರು ಊರು ಆಚೆ, ಕರಡಿಹಟ್ಟಿ ಅಂತ ಒಂದು ಕಡೆ ಮನೆ ನೋಡ್ದ. ಪಾತ್ರೆ ಪಡಗ, ಕಾಳು ಕಡಿ, ಬೀಸೋ ಕಲ್ಲು ಎಲ್ಲಾ ಗಾಡಿಗೆ ತುಂಬಿ ಮುಂದಕ್ಕೆ ಕಳಿಸಿದ್ರು. ಉಳಿದಿದ್ದು ಮಂಚ, ಹಾಸಿಗೆ.

ಈಗ ಕೇಳು. ನಮ್ಮ ಕಡೆ ಮಂಚ ಸಾಗಿಸೋಕೆ ಒಂದು ಕ್ರಮ ಇದೆ. ಹಾಸಿಗೆ ಸುರುಳಿ ಸುತ್ತಿ ಹಗ್ಗ ಬಿಗಿದು ಬೇರೆ ಹೊರ್ತಾರೆ, ಮಂಚಾನ ಬೋರಲು ಹಾಕಿ, ಕಾಲು ಆಕಾಶಕ್ಕೆ ಮಾಡಿ ಹೊರ್ತಾರೆ. ಯಾಕೆ ಅಂದ್ರೆ, ಕಾಲು ಕೆಳಗೆ ಬಿಟ್ಟು, ಮೇಲೆ ಹಾಸಿಗೆ ಹಾಸಿ, ನಾಲ್ಕು ಜನ ಹೆಗಲು ಕೊಟ್ರೆ ಅದು ಮಂಚ ಅಲ್ಲ, ಹೆಣ ಹೊರೋ ಚಟ್ಟ ಆಗ್ತದೆ. ನೋಡಿದೋರ ಎದೆ ಧಸಕ್ ಅಂತದೆ.

ಬೋರಕ್ಕ ಅಡ್ಡ ನಿಂತುಬಿಟ್ಲಂತೆ. ಸುತ್ತಿದ್ರೆ ತಗ್ಗು ಹೋಗ್ತದೆ, ಗಾಡಿ ಮೇಲೆ ಹಾಕಿದ್ರೆ ಕುಲುಕಾಟಕ್ಕೆ ಹತ್ತಿ ಎದ್ದುಬಿಡ್ತದೆ, ಹೊತ್ರೆ ಹೆಂಗಿದೆಯೋ ಹಂಗೇ ಹೊರಿ, ಇಲ್ಲಾಂದ್ರೆ ನನ್ನೂ ಇಲ್ಲೇ ಬಿಟ್ಟು ಹೋಗಿ ಅಂದ್ಲಂತೆ. ದೊಡ್ಡ ಮೈದುನ, ಅತ್ಗೆ, ಹತ್ತಿ ಅನ್ನೋದು ಹತ್ತಿ, ಅದ್ರಲ್ಲಿ ಮಗು ಇಲ್ಲ ಅಂತ ಏನೇನೋ ಹೇಳ್ದ. ನಡುವಿನೋನು, ದಾರೀಲಿ ಜನ ನಮ್ಮುಖಕ್ಕೆ ಉಗೀತಾರೆ ಅಂತ ಸಿಡುಕ್ದ. ಕಿರಿಯೋನು ಆಗ್ಲೇ ಕಣ್ಣೊರೆಸ್ಕೊಳ್ತಿದ್ದ. ಕಾಟಯ್ಯ ಹೋಗಿ ಮಂಚದ ಒಂದು ಮೂಲೆಗೆ ಹೆಗಲು ಕೊಟ್ಟು ನಿಂತ್ಕೊಂಡ. ಅಣ್ಣ ನಿಂತ ಮೇಲೆ ತಮ್ಮಂದ್ರು ಏನು ಮಾಡ್ತಾರೆ, ಅವರೂ ಹೆಗಲು ಕೊಟ್ರು. ಬೋರಕ್ಕ ಧೂಳು ಬೀಳ್ಬಾರ್ದು ಅಂತ ಒಂದು ಬಿಳೀ ಪಂಚೆ ತಂದು, ಹಾಸಿಗೆಗೆ ತಾಗದ ಹಂಗೆ, ಮಂಚದ ಮೂಲೇಲಿ ಮೇಲಕ್ಕೆದ್ದ ನಾಲ್ಕು ಗೂಟಕ್ಕೂ ಎಳೆದು ಕಟ್ಟಿದ್ಲು. ಚಟ್ಟಕ್ಕೆ ಏನು ಕಮ್ಮಿ ಇತ್ತೋ ಅದೂ ಆದಂಗಾಯ್ತು, ಆದ್ರೆ ಅವಳಿಗೆ ಅದು ಹೊಳೀಲೇ ಇಲ್ಲ. ಅವಳ ಕಣ್ಣಿಗೆ ಬೇರೆ ಏನೂ ಕಾಣ್ತಿರ್ಲಿಲ್ಲ.

ಹಂಗೇ ನಡ್ಕೊಂಡು ನಡ್ಕೊಂಡು ಮೊದಲನೇ ಊರು ಬಂತಂತೆ. ಊರ ಬಾಗಿಲಲ್ಲಿ ಗೌಡ ಕೂತಿದ್ದ. ದೂರದಿಂದ ನೋಡಿದೋನೇ ಎದ್ದು ಕೈ ಅಡ್ಡ ಹಿಡಿದು, ಯಾರಪ್ಪ ನೀವು, ಹೆಣಾನ ಊರೊಳಗೆ ತರ್ತಾರಾ, ಬುದ್ಧಿ ಇಲ್ವಾ ಅಂದ್ನಂತೆ. ದೊಡ್ಡ ಮೈದುನ, ಹೆಣ ಅಲ್ಲ ಗೌಡ್ರೇ, ಹಾಸಿಗೆ, ಮನೆ ಬದಲಾಯಿಸ್ತಿದ್ದೀವಿ ಅಂದ. ಗೌಡ ನಂಬ್ಲಿಲ್ಲ, ಬಂದು ಪಂಚೆ ಎತ್ತಿ ನೋಡ್ದ. ಒಳಗೆ ಯಾರೂ ಇಲ್ಲ. ಆಗ ಅವನಿಗೆ ನಿಜವಾಗ್ಲೂ ಭಯ ಆಯ್ತಂತೆ. ಹೆಣ ಇದ್ದಿದ್ರೆ ಅದು ನಿಮ್ಮ ಮನೇದು ಅಂದ್ಕೋತಿದ್ದೆ, ಖಾಲಿ ಚಟ್ಟ ಹೊತ್ಕೊಂಡು ಬಂದಿದ್ದೀರಲ್ಲ, ನಮ್ಮೂರಲ್ಲಿ ಯಾರನ್ನ ತುಂಬ್ಕೊಂಡು ಹೋಗೋಕೆ ಬಂದ್ರಿ ಅಂತ ಕೂಗಾಡಿ, ಹಾಸಿಗೆ ಸುತ್ತಿ ಮಂಚ ಬೋರಲು ಹಾಕಿ, ಇಲ್ಲಾ ಹಳ್ಳ ಬಳಸ್ಕೊಂಡು ಹೋಗಿ ಅಂದ. ಬೋರಕ್ಕ, ಹಳ್ಳಾನೇ ಸರಿ ಅಂದ್ಲು.

ಹಳ್ಳದ ದಾರೀಲಿ ಜಾಲಿ ಮುಳ್ಳು, ಕೆಸರು, ಸೊಂಟದವರೆಗೆ ನೀರು. ನಾಲ್ಕು ಜನ ಮಂಚಾನ ತಲೆ ಮೇಲೆ ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡ್ತಿದ್ರೆ, ಬೋರಕ್ಕ ಪಕ್ಕದಲ್ಲೇ ಕತ್ತೆತ್ಕೊಂಡು ಬರ್ತಿದ್ಲು, ಕಾಲಿಗೆ ಮುಳ್ಳು ಹೊಕ್ಕಿದ್ದೂ ಗೊತ್ತಾಗ್ಲಿಲ್ಲ. ನಡುನೀರಲ್ಲಿ ನಡುವಿನೋನು ಜಾರಿದ. ಮಂಚ ವಾಲ್ತು. ಪಂಚೆಯ ಒಂದು ತುದಿ ನೀರಿಗೆ ಬಿತ್ತು, ಹಾಸಿಗೆ ಇನ್ನೇನು ಜಾರ್ಬೇಕು, ಕಾಟಯ್ಯ ಹೆಗಲು ಕೊಟ್ಟು ತಡೆದ. ಅವನ ಹೆಗಲು ಕಿತ್ತು ರಕ್ತ ಬಂತಂತೆ. ನಡುವಿನೋನು ದಡಕ್ಕೆ ಬಂದು, ಅತ್ಗೆ, ನಾನು ಬಿದ್ದಿದ್ರೂ ನೀನು ಹಾಸಿಗೆನೇ ನೋಡ್ತಿದ್ದೆ ಅಂದ. ಹೌದು ಅಂದ್ಲಂತೆ ಬೋರಕ್ಕ. ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ ಅವಳಿಗೆ. ಒದ್ದೆ ಪಂಚೆ ಬಿಚ್ಚಿ ಹಿಂಡಿ ಹೆಗಲಿಗೆ ಹಾಕ್ಕೊಂಡ್ಲು, ಬೆರಳ ತುದೀಲಿ ತಗ್ಗನ್ನ ಮುಟ್ಟೂ ಮುಟ್ಟದ ಹಂಗೆ ಸವರಿ ನೋಡಿದ್ಲು. ಕೆಟ್ಟಿರ್ಲಿಲ್ಲ.

ನಿದ್ದೆ ಬಂತಾ? ಇಲ್ವಾ? ಸರಿ ಕೇಳು.

ಆಮೇಲೆ ಎರಡನೇ ಊರಂತೆ. ಅಲ್ಲಿ ಬಾವಿ ಹತ್ರ ಹೆಂಗಸರು ನೀರು ಸೇದ್ತಿದ್ರು. ಇವರನ್ನ ನೋಡಿ ಎಲ್ರೂ ಕೊಡ ಕೆಳಗಿಟ್ಟು ತಲೆ ಮೇಲೆ ಸೆರಗು ಹೊದ್ರು. ಯಾರೂ ತಡೀಲಿಲ್ಲ. ಒಬ್ಬಳು ಮನೆಗೆ ಓಡಿಹೋಗಿ ಒಂದು ಮೊರದಲ್ಲಿ ಮಂಡಕ್ಕಿ ತಂದು, ಸಾವಿನ ದಾರೀಲಿ ಎರಚ್ತಾರಲ್ಲ ಹಂಗೆ ಎರಚಿದ್ಲು. ನಾಲ್ಕಾರು ಕಾಳು ಹೋಗಿ ಹಾಸಿಗೆ ತಗ್ಗೊಳಗೆ ಬಿದ್ವು. ಬೋರಕ್ಕನಿಗೆ ಮೈಯೆಲ್ಲ ಉರಿದುಹೋಯ್ತು, ಯಾರೇ ಅದು ಅಂತ ಜಗಳಕ್ಕೆ ತಿರುಗಿದ್ಲಂತೆ. ಅಷ್ಟರಲ್ಲಿ ಒಬ್ಬ ಮುದುಕಿ ಹತ್ರ ಬಂದು, ಆ ತಗ್ಗು ನೋಡಿ, ಅದ್ರ ಅಳತೆ ನೋಡಿ, ಏನೂ ಕೇಳ್ದೇನೇ ಎಲ್ಲಾ ಅರ್ಥ ಮಾಡ್ಕೊಂಡು, ಹೆಸರೇನವ್ವ ಮಗೀದು ಅಂದ್ಲಂತೆ.

ನೋಡು, ಮಗು ಹೋದಾಗಿಂದ ಅವಳನ್ನ ಯಾರೂ ಅದನ್ನ ಕೇಳಿರ್ಲಿಲ್ಲ. ಊರೋರು ಆ ಹೆಸರು ಎತ್ತಿದ್ರೆ ಇವಳಿಗೆ ನೋವಾಗ್ತದೆ ಅಂತ ಸುಮ್ಮನಿದ್ರು. ಮನೆಯೋರೂ ಸುಮ್ಮನಿದ್ರು. ಬೋರಕ್ಕ ಬಾಯಿ ತೆಗೆದು, ಈರಿ ಅಂದ್ಲಂತೆ. ಈರಿ, ನಾಲ್ಕು ವರ್ಷ, ಬಲಗಡೆ ತಿರುಗಿ ಮಲಗೋಳು, ಕಾಲು ಮಡಚ್ಕೊಂಡು ಮಲಗೋಳು ಅಂದ್ಲಂತೆ. ಅಂದೋಳು ಅಲ್ಲೇ ಬಾವಿಕಟ್ಟೆ ಮೇಲೆ ಕುಸಿದು ಕೂತು, ಎದೆ ಬಡ್ಕೊಂಡು ಅತ್ಲು. ಬಾವೀಲಿ ದನಿ ಮೊಳಗೋ ಹಂಗೆ ಅತ್ಲು. ಆ ಊರ ಹೆಂಗಸರಿಗೆ ಈರಿ ಯಾರೋ ಬೋರಕ್ಕ ಯಾರೋ, ಆದ್ರೂ ಸುತ್ತ ಕೂತು, ಅಯ್ಯೋ ಈರೀ ನನ್ನವ್ವಾ ಅಂತ ತಮ್ಮನೆ ಮಗು ಹೋದಂಗೆ ಸೊಲ್ಲು ಹೇಳ್ಕೊಂಡು ಅತ್ರಂತೆ. ಗಂಡಸರು ಮಂಚ ಹೊತ್ಕೊಂಡು ನಿಂತೇ ಇದ್ರು. ಕಿರಿಯೋನು ಮೊದಲೇ ಅಳುಬುರುಕ, ಅವನ ಕಣ್ಣೀರು ಮೂಗಿನ ತುದೀಲಿ ತೊಟ್ಟಿಕ್ತಿದ್ರೆ ಒರೆಸೋಕೆ ಕೈ ಬಿಡುವಿಲ್ಲ. ಆಮೇಲೆ ಮುದುಕಿ ಬೋರಕ್ಕನ ಮುಖ ತೊಳೆಸಿ, ಎಲ್ರಿಗೂ ನೀರು ಕುಡಿಸಿ, ಹೋಗ್ಬನ್ನಿ ಅಂದ್ಲು. ಬೋರಕ್ಕ ಉಸಿರು ಬಿಗಿ ಹಿಡಿದು ಮಂಡಕ್ಕಿ ಕಾಳನ್ನ ಒಂದೊಂದೇ ಆರಿಸಿ ತೆಗೆದ್ಲಂತೆ.

ಆಮೇಲೆ ಮೂರನೇದು ಕರಡಿಹಟ್ಟಿ, ಅವರ ಹೊಸ ಮನೆ ಇದ್ದ ಊರು. ಹೊತ್ತು ಮುಳುಗಿತ್ತು. ಬೀದಿ ತುದೀಲಿ ಅಕ್ಕಪಕ್ಕದ ಹೆಂಗಸರು ಹೊಸ ಒಕ್ಕಲು ಬರ್ತದೆ ಅಂತ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ರು. ಮಂಚ ಬರೋ ರೀತಿ ನೋಡಿ ತಟ್ಟೆ ಸೆರಗಲ್ಲಿ ಮುಚ್ಕೊಂಡ್ರು, ಮಕ್ಕಳನ್ನ ಒಳಗೆ ತಳ್ಳಿ ಬಾಗಿಲು ಹಾಕ್ಕೊಂಡ್ರು. ಆ ಬೀದಿಗೆಲ್ಲಾ ಹಿರಿಯಳು ಕರಿಯಜ್ಜಿ ಅಂತ, ಕೋಲೂರಿಕೊಂಡು ಅಡ್ಡ ನಿಂತು ಹೇಳಿದ್ಲಂತೆ, ಮಗಳೇ, ನಿನ್ನ ದುಃಖ ನನಗೆ ಗೊತ್ತಾಗ್ತದೆ, ನಿನ್ನ ಬಯ್ಯಲ್ಲ, ಆದ್ರೆ ಇದು ಮಕ್ಕಳಿರೋ ಬೀದಿ. ಕಾಲು ಕೆಳಗೆ ಮಾಡ್ಕೊಂಡು ಬಂದ ಮಂಚದ ಮೇಲೆ ಒಂದೋ ಸತ್ತೋರು ಇರ್ಬೇಕು, ಇಲ್ಲಾ ಬದುಕಿರೋರು ಇರ್ಬೇಕು. ಎರಡೂ ಇಲ್ದೆ ಬಂದ್ರೆ ಅದು ಯಾರನ್ನೋ ಕೇಳ್ತಿದೆ ಅಂತಾನೇ ಲೆಕ್ಕ. ಸುತ್ತಿ ತಗೊಂಡು ಬಾ, ನಾನೇ ಆರತಿ ಎತ್ತೀನಿ.

ಇಬ್ಬನಿ ಇಳೀತಿತ್ತು. ಹೊರಗೇ ಬಿಟ್ರೆ ಹತ್ತಿ ನೆಂದು ತಗ್ಗು ಹೋಗ್ತದೆ, ನಾಯಿ ಹತ್ತಿ ಮಲಗ್ತವೆ. ಸುತ್ತಿದ್ರೆ ಈಗ್ಲೇ ಹೋಗ್ತದೆ. ದೊಡ್ಡ ಮೈದುನ ಊರಾಚೆ ಗುಡಿ ಜಗುಲೀಲಿ ಇಡಾಣ ಅಂದ, ನಡುವಿನೋನು ಕೈ ನಡುಗ್ತಿದೆ ಬೇಗ ಹೇಳು ಅತ್ಗೆ ಅಂದ, ಕಿರಿಯೋನು ಅಣ್ಣನ ಮುಖ ನೋಡ್ದ. ಆಗ ಕಾಟಯ್ಯ, ಬೆಳಗಿಂದ ಒಂದು ಮಾತಾಡದೋನು, ಬೋರೀ ಅಂದ್ನಂತೆ. ಅವತ್ತು ನಾನೊಬ್ನೇ ಎತ್ಕೊಂಡು ಹೋದೆ ಕಣೇ. ಅವಳು ಭಾರಾನೇ ಇರ್ಲಿಲ್ಲ. ದಾರಿಯುದ್ದಕ್ಕೂ, ಇನ್ನೊಂಚೂರು ಭಾರ ಇರ್ಬಾರ್ದಾ ಅಂದ್ಕೊಂಡು ಹೋದೆ. ಇವತ್ತು ನಾಲ್ಕು ಜನ ಹೊತ್ರೂ ನನ್ ಕೈಲಿ ಆಗ್ತಿಲ್ಲ.

ಬೋರಕ್ಕ ಗಂಡನ ಮುಖ ನೋಡಿದ್ಲಂತೆ. ಮಗು ಹೋದ ಮೇಲೆ ಅವನ ಮುಖಾನ ನೋಡಿದ್ದು ಅದೇ ಮೊದಲು. ಹೆಗಲ ರಕ್ತ ಅಂಗಿ ಮೇಲೆ ಒಣಗಿತ್ತು, ಕೆನ್ನೆ ಒಳಗೆ ಹೋಗಿದ್ವು. ನಾನು ಹಾಸಿಗೆ ಕಾದೆ, ಇವನನ್ನ ಯಾರು ಕಾದ್ರು ಅನ್ನಿಸ್ತು.

ಆಮೇಲೆ ಮೈದುನಂದಿರಿಗೆ, ಮಂಚ ಸ್ವಲ್ಪ ತಗ್ಗಿಸಿ ಅಂದ್ಲಂತೆ. ತಗ್ಗಿಸಿದ್ರು. ಬೋರಕ್ಕ ಕಾಲಿನ ಕೆಸರು ಸೀರೆಗೆ ಒರೆಸ್ಕೊಂಡು, ಮೆಲ್ಲಗೆ ಹತ್ತಿ, ಒಂದು ಅಂಚಿಗೆ ಬಲಗಡೆ ತಿರುಗಿ ಮಲಗಿದ್ಲು. ತಗ್ಗಿಗೆ ತಾಗಬಾರ್ದು ಅಂತ ಉಸಿರು ಹಿಡ್ಕೊಂಡು, ಅಂಚನ್ನ ಕೈಲಿ ಬಿಗಿಯಾಗಿ ಹಿಡ್ಕೊಂಡಿದ್ಲು. ನಾಲ್ಕೂ ಜನ ಎತ್ತಿದ್ರು. ಹತ್ತಿ ಹಾಸಿಗೆ, ನಡುವೆ ಇಳಿಜಾರು, ಎಷ್ಟು ಹೊತ್ತು ಹಿಡ್ಕೋತಾಳೆ? ಒಂದು ಹೆಜ್ಜೆ ಇಟ್ಟಾಗ ಸ್ವಲ್ಪ ಜಾರಿದ್ಲು, ಇನ್ನೊಂದು ಹೆಜ್ಜೆಗೆ ಇನ್ನೂ ಸ್ವಲ್ಪ. ಆಮೇಲೆ ಕೈ ಬಿಟ್ಲು. ಬಿಟ್ಟೋಳು ತಗ್ಗೊಳಗೆ ಹೋಗಿ, ಮೊಣಕಾಲು ಮಡಚಿ ಮಲಗಿದ್ಲು. ಕರಿಯಜ್ಜಿ ಬಗ್ಗಿ ನೋಡಿ, ಬದುಕಿರೋ ಜೀವ ಮಲಗಿದೆ, ದಾರಿ ಬಿಡ್ರೇ ಅಂತ ಕೂಗಿದ್ಲಂತೆ. ಬಾಗಿಲು ತೆಗೆದ್ವು, ಆರತಿ ಎತ್ತಿದ್ರು, ಒಳಗೆ ಹಾಲು ಉಕ್ಕಿಸಿದ್ರು. ಬೋರಕ್ಕನಿಗೆ ಒಂದೂ ಗೊತ್ತಾಗ್ಲಿಲ್ಲ. ಹೊಸಲು ದಾಟೋ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು. ಎಷ್ಟು ದಿನದ ನಿದ್ದೆಯೋ ಅದು.

ಕೋಳಿ ಕೂಗೋ ಹೊತ್ತಿಗೆ ಎಚ್ಚರ ಆಯ್ತಂತೆ. ದಡಬಡಿಸಿ ಎದ್ದು ಹಾಸಿಗೆ ಸವರಿದ್ಲು. ತಲೆ ಇದ್ದ ದುಂಡು ಇಲ್ಲ, ಸೊಟ್ಟ ಮೊಣಕಾಲು ಇಲ್ಲ. ಒಬ್ಬಳು ದೊಡ್ಡ ಹೆಂಗಸು ಮಲಗಿದ್ದ ತಗ್ಗು, ಬೆಚ್ಚಗೆ. ಅವಳು ಅದ್ರ ಮೇಲೆ ಕೈಯಿಟ್ಕೊಂಡು ಕೂತು ಅತ್ಲಂತೆ, ಈ ಸಲ ಸದ್ದಿಲ್ದೆ. ಕೆಳಗೆ ನೆಲದಲ್ಲಿ, ಚಾಪೆ ಕೂಡ ಇಲ್ದೆ, ಕಾಟಯ್ಯ ಎಚ್ಚರವಾಗೇ ಮಲಗಿದ್ದ. ಹೋಯ್ತಾ ಅಂದ.

ಹೋಯ್ತು ಅಂದ್ಲು ಬೋರಕ್ಕ. ಆಮೇಲೆ ಒಂದು ಪಕ್ಕಕ್ಕೆ ಸರ್ಕೊಂಡು ಜಾಗ ಮಾಡಿ, ನೆಲ ತಣ್ಣಗದೆ, ಬಾ, ಮೇಲೆ ಮಲಕ್ಕೊ, ಇನ್ನೂ ಬೆಳಕಾಗಿಲ್ಲ ಅಂದ್ಲಂತೆ.

ಅವನು ಎದ್ದು ಹೋಗಿ ಮಲಗಿದ್ನಂತೆ. ಅಷ್ಟೇ ಕಂದ, ಕತೆ ಇಲ್ಲಿಗೆ ಆಯ್ತು. ಅದ್ಯಾಕೆ ಕಣ್ಣು ಹಂಗೆ ಅಗಲ ಬಿಟ್ಕೊಂಡಿದ್ದೀಯ? ಬಾ, ಈ ಕಡೆ ಸರ್ಕೊ, ನನ್ ಪಕ್ಕ.