ಬಾವಿಕಟ್ಟೆಯ ಗಿಳಿ

"ಬುದ್ಧಿ, ನೆರೆಮನೆಯವರ ಮೇಲೆ ದೂರು ಕೊಡುವುದು ತಪ್ಪೇ?"

ಕೇಳಿದವಳು ಚೆನ್ನಬಸಮ್ಮ. ಅವಳು ದಿನವೂ ಮಧ್ಯಾಹ್ನ ಮಠಕ್ಕೆ ಬಂದು ದಾಸೋಹದ ಅಕ್ಕಿಯನ್ನು ಆರಿಸಿ ಕೊಡುತ್ತಿದ್ದಳು. ಗುರುಗಳ ಮಾತನ್ನು ದೂರದಿಂದ ಕೇಳಿಸಿಕೊಂಡು ಹೋಗುವುದು ಅವಳ ರೂಢಿ. ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಕೇಳುವ ಮುನ್ನ ಮೊರವನ್ನು ಕೆಳಗಿಟ್ಟಿದ್ದಳು.

"ಏನು ದೂರು, ತಾಯಿ?" ಎಂದರು ಗುರುಗಳು.

"ಪಕ್ಕದ ಮನೆಯವರು ಒಂದು ನಾಯಿ ಸಾಕಿದ್ದಾರೆ. ಹಿತ್ತಲಲ್ಲಿ ಗಿಡ್ಡ ಸರಪಳಿಗೆ ಕಟ್ಟಿರುತ್ತಾರೆ. ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನೀರಿನ ಬೋಗುಣಿ ಒಣಗಿರುತ್ತದೆ. ಬಿಸಿಲು ನೆತ್ತಿಗೆ ಬಂದರೆ ನೆರಳೂ ಇಲ್ಲ. ಕಾಂಪೌಂಡಿನ ಈಚೆ ನಿಂತು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ದೂರು ಕೊಟ್ಟರೆ ಪೊಲೀಸಿನವರು ಬಂದು ಕೇಳುತ್ತಾರಂತೆ. ಆದರೆ ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಸಿ ಕೊಟ್ಟವಳು ಅದೇ ಹೆಣ್ಣುಮಗಳು. ಕೊಡಲೋ ಬೇಡವೋ ತಿಳಿಯುತ್ತಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬಳು ಹೂವಾಡಗಿತ್ತಿಯಿದ್ದಳು. ವ್ಯಾಪಾರಿಯ ಹಿತ್ತಲಲ್ಲಿ ಸಿಹಿನೀರಿನ ಬಾವಿಯಿತ್ತು. ಅವನ ತಾಯಿ ಬದುಕಿದ್ದಾಗ, ಹಿತ್ತಲ ಬಾಗಿಲು ತೆರೆದೇ ಇರುತ್ತದೆ, ಬಂದು ಸೇದಿಕೊಂಡು ಹೋಗು ಎಂದು ಹೂವಾಡಗಿತ್ತಿಗೆ ಹೇಳಿದ್ದಳು. ಅಂದಿನಿಂದ ಅವಳು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಂದು ನೀರು ಒಯ್ಯುತ್ತಿದ್ದಳು. ಹೂವಿನ ಕೆಲಸ ನೀರಿನ ಕೆಲಸ. ಬಾಳೆನಾರನ್ನು ನೆನೆಸಬೇಕು. ಕಟ್ಟಿದ ಮಾಲೆಗೆ ಒದ್ದೆ ಬಟ್ಟೆ ಹೊದಿಸಬೇಕು. ಗಳಿಗೆಗೊಮ್ಮೆ ನೀರು ಚಿಮುಕಿಸಬೇಕು. ಅವಳ ಬುಟ್ಟಿಯ ಹೂವು ಸಂಜೆಯವರೆಗೂ ಬಾಡುತ್ತಿರಲಿಲ್ಲ. ಊರಿನವರು ಅದನ್ನು ಬಲ್ಲರು. ಅವಳ ದನಿಯನ್ನೂ ಬಲ್ಲರು. ಬೀದಿಯ ತುದಿಯಲ್ಲಿ ನಿಂತು ಅವಳು 'ಹೂವೋ' ಎಂದು ಕೊನೆಯನ್ನು ಎಳೆದು ಕೂಗಿದರೆ, ಒಳಗಿದ್ದವರು ತಲೆ ಎತ್ತದೆಯೇ ಬಂದವರು ಯಾರೆಂದು ಹೇಳುತ್ತಿದ್ದರು.

ವ್ಯಾಪಾರಿಯ ತಾಯಿ ಒಂದು ಗಿಳಿಯನ್ನು ಸಾಕಿದ್ದಳು. ಪಂಜರ ಪಡಸಾಲೆಯಲ್ಲಿರುತ್ತಿತ್ತು. ಗಿಳಿ ಯಾರು ಮಾತಾಡಿಸುತ್ತಾರೋ ಅವರ ದನಿಯನ್ನೇ ಕಲಿಯುತ್ತದೆ. ಮಗ ಅಂಗಡಿಯಿಂದ ಬಂದಾಗ ತಾಯಿ, 'ಉಂಡೆಯೇನಪ್ಪಾ' ಎಂದು ಕೇಳುತ್ತಿದ್ದಳು. ಗಿಳಿಯೂ ಅದನ್ನೇ ಅವಳ ದನಿಯಲ್ಲಿ ಕೇಳುತ್ತಿತ್ತು. ತಾಯಿ ತೀರಿಕೊಂಡಳು. ಮಣ್ಣು ಮಾಡಿ ಮನೆಗೆ ಬಂದ ಮಗ ಹೊಸಿಲು ದಾಟಿದೊಡನೆ ಗಿಳಿ, 'ಉಂಡೆಯೇನಪ್ಪಾ' ಎಂದಿತು. ಅವನಿಂದ ಅದನ್ನು ತಾಳಿಕೊಳ್ಳಲಾಗಲಿಲ್ಲ. ಮರುದಿನವೇ ಪಂಜರವನ್ನು ಹಿತ್ತಲಿಗೆ ಕಳುಹಿಸಿ ಬಾವಿಕಟ್ಟೆಯ ಮೇಲಿನ ಮಾಡಿಗೆ ತೂಗುಹಾಕಿಸಿದ. ಆಳಿಗೆ ಕಾಳು ನೀರಿನ ಕೆಲಸ ಒಪ್ಪಿಸಿದ. ಆಮೇಲೆ ಅವನು ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲಿನಿಂದ ಹೋಗುತ್ತಿದ್ದ, ಮುಂಬಾಗಿಲಿನಿಂದ ಬರುತ್ತಿದ್ದ.

ಕೇಳುವವರಿಲ್ಲವೆಂದು ಆಳಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅವನಿಗೆ ನೆನಪಾದ ದಿನ ಗಿಳಿಗೆ ನೀರು. ನೆನಪಾಗದ ದಿನ ಇಲ್ಲ.

ಇದನ್ನು ಕಂಡವಳು ಹೂವಾಡಗಿತ್ತಿ ಒಬ್ಬಳೇ. ಪಂಜರ ಅವಳ ತಲೆಯ ಎತ್ತರಕ್ಕಿತ್ತು. ಅವಳು ಕೊಡವನ್ನು ತುಂಬಿ ಸೊಂಟಕ್ಕೆ ಇಟ್ಟುಕೊಂಡು ಹೋಗುವಾಗ ಅದರ ಮುಂದೆ ನಿಲ್ಲುತ್ತಿದ್ದಳು. ಬಟ್ಟಲು ಒಣಗಿರುವುದನ್ನು ನೋಡುತ್ತಿದ್ದಳು. 'ಅಯ್ಯೋ ಪಾಪ, ಏನು ಗತಿ ಬಂತೇ ನಿನಗೆ' ಎನ್ನುತ್ತಿದ್ದಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು. ಮನೆಗೆ ಹೋಗಿ ಹೂವು ಕಟ್ಟುತ್ತಾ, ಊರಿನ ಗೌಡರಿಗೆ ಹೇಳುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದಳು. ಹೇಳಿದರೆ ವ್ಯಾಪಾರಿಯ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಗಿಳಿಯ ಪ್ರಾಣ ಹೋಗುತ್ತದೆ.

ಒಂದು ದಿನ ನಾದಿನಿಯನ್ನು ಕೇಳಿದಳು.

ನಾದಿನಿ ನಕ್ಕಳು. "ಹೇಳು ಅತ್ತಿಗೆ, ಧಾರಾಳವಾಗಿ ಹೇಳು. ನಾಳೆಯೇ ಆ ಹಿತ್ತಲ ಬಾಗಿಲಿಗೆ ಅಗುಳಿ ಬೀಳುತ್ತದೆ. ಆಮೇಲೆ ಕೆರೆಯಿಂದ ಹೊತ್ತುಕೊಂಡು ಬಾ. ನಿನ್ನ ಗಿಳಿ ಬಂದು ಕೊಡಕ್ಕೆ ಕೈ ಕೊಡುತ್ತದೆಯೇ ನೋಡೋಣ."

"ಅದು ಸತ್ತುಹೋಗುತ್ತದಲ್ಲೇ."

"ಅದನ್ನು ಸಾಕಿದವನಿಗಿಲ್ಲದ ಉರಿ ನಿನಗೇಕೆ?"

ಹೂವಾಡಗಿತ್ತಿ ಮತ್ತೆ ಯೋಚನೆಗೆ ಬಿದ್ದಳು. ಆಗ ಮಲ್ಲಿಗೆಯ ಕಾಲ. ಮಲ್ಲಿಗೆ ಮುಗಿದು ಕನಕಾಂಬರ ಬಂತು. ಸೇವಂತಿಗೆಯೂ ಬಂತು. ಅವಳ ಯೋಚನೆ ಮುಗಿಯಲಿಲ್ಲ.

ಒಂದು ಬೆಳಿಗ್ಗೆ ಗಿಳಿ ಕೋಲಿನ ಮೇಲಿರಲಿಲ್ಲ. ಪಂಜರದ ತಳದಲ್ಲಿ ಮುದುಡಿ ಕೂತಿತ್ತು. ಎದೆಯ ಗರಿ ಉದುರಿತ್ತು. ಒಂದು ಕಣ್ಣು ಮುಚ್ಚಿತ್ತು. ಹೂವಾಡಗಿತ್ತಿ ಇನ್ನು ತಡೆಯಬಾರದೆಂದು ಕೊಡವನ್ನು ಮನೆಗೆ ಒಯ್ದು ಇಳಿಸಿ, ಹೂವಿನ ಬುಟ್ಟಿಯನ್ನು ತೋಳಿಗೇರಿಸಿಕೊಂಡು ನೇರವಾಗಿ ಗೌಡರಲ್ಲಿಗೆ ಹೋದಳು. ಕಂಡದ್ದನ್ನೆಲ್ಲ ಹೇಳಿದಳು. "ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು, ಗೌಡರೇ" ಎಂದು ಕೈ ಮುಗಿದಳು.

"ನನ್ನ ಬಾಯಿಂದ ಬರುವುದಿಲ್ಲ" ಎಂದರು ಗೌಡರು.

ಗೌಡರು ವ್ಯಾಪಾರಿಯನ್ನು ಪಂಜರದ ಸಮೇತ ಚಾವಡಿಗೆ ಕರೆಸಿದರು. ಜನ ಸೇರಿದರು. ಹೂವಾಡಗಿತ್ತಿಯೂ ಬಂದು ಕಂಬದ ಹಿಂದೆ ನಿಂತಳು. ಆಳು ತಂದ ಪಂಜರದ ಮೇಲೆ ಬಟ್ಟೆ ಹೊದಿಸಿತ್ತು. ವ್ಯಾಪಾರಿ ಅದರ ಒಳಗೆ ನೋಡಿರಲಿಲ್ಲ.

"ಯಾರೋ ಹೊಟ್ಟೆಕಿಚ್ಚಿನವರು ಹೇಳಿದ ಮಾತು ಇದು, ಗೌಡರೇ" ಎಂದ ವ್ಯಾಪಾರಿ. "ಅದಕ್ಕೆಂದೇ ಆಳನ್ನು ಇಟ್ಟಿದ್ದೇನೆ. ಬೇಕಾದರೆ ಗಿಳಿಯನ್ನೇ ಕೇಳಿ. ಥೇಟು ನಮ್ಮವ್ವನ ಹಾಗೆ ಮಾತಾಡುತ್ತದೆ."

ಜನ ನಕ್ಕರು. ಗೌಡರು ನಗಲಿಲ್ಲ. ಬಟ್ಟೆಯನ್ನು ತೆಗೆದರು. ನಗು ನಿಂತಿತು.

ಗೌಡರು ಒಂದು ತಂಬಿಗೆ ನೀರು ತರಿಸಿ ಬಟ್ಟಲಿಗೆ ತಾವೇ ಹುಯ್ದರು. ಗಿಳಿ ತೆವಳಿಕೊಂಡು ಬಟ್ಟಲಿನವರೆಗೆ ಬಂತು. ಕುಡಿಯಿತು. ತಲೆ ಎತ್ತಿತು. ಇನ್ನೊಮ್ಮೆ ಕುಡಿಯಿತು. ವ್ಯಾಪಾರಿ ಮಂಡಿಯೂರಿ, ಪಂಜರದ ಹತ್ತಿರ ಕಿವಿ ತಂದ. ಅವನು ಯಾವ ಮಾತಿಗಾಗಿ ಕಾಯುತ್ತಿದ್ದಾನೆಂದು ಊರಿನ ಹಿರಿಯರಿಗೆ ತಿಳಿದಿತ್ತು.

ಗಿಳಿ, "ಅಯ್ಯೋ ಪಾಪ, ಏನು ಗತಿ ಬಂತೇ ನಿನಗೆ" ಎಂದಿತು.

ಕೊನೆಯನ್ನು ಎಳೆದು ಹೇಳಿತು. ಚಾವಡಿಯಲ್ಲಿದ್ದವರೆಲ್ಲ ಒಟ್ಟಿಗೆ ಕಂಬದ ಕಡೆ ತಿರುಗಿದರು.

ವ್ಯಾಪಾರಿ ತಿರುಗಲಿಲ್ಲ. "ಉಂಡೆಯೇನಪ್ಪಾ ಅನ್ನು" ಎಂದು ಗಿಳಿಗೆ ಹೇಳಿದ. ಮತ್ತೊಮ್ಮೆ ಹೇಳಿದ. ಗಿಳಿ ಹೂವಾಡಗಿತ್ತಿಯ ಮಾತನ್ನೇ ಆಡಿತು. ಅವನು ಎದ್ದು ನಿಂತು, "ಇದು ನಿಮ್ಮ ಮನೆಯಲ್ಲೇ ಇರಲಿ, ಗೌಡರೇ. ಇದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ" ಎಂದ. ದೂರು ಕೊಟ್ಟವರು ಯಾರೆಂದು ಕೇಳಲಿಲ್ಲ. ಹಿತ್ತಲ ಬಾಗಿಲಿಗೆ ಅಗುಳಿಯನ್ನೂ ಹಾಕಿಸಲಿಲ್ಲ. ಅವನು ಮನೆಗೆ ಹೋದ ಮೇಲೆ ಗೌಡರು ಹೂವಾಡಗಿತ್ತಿಯನ್ನು ಕರೆದರು.

"ನೀನು ಬಂದು ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ಇದು ನಾಳೆಯವರೆಗೆ ಉಳಿಯುತ್ತಿರಲಿಲ್ಲ" ಎಂದರು. ಆಮೇಲೆ, "ಗಿಳಿ ಒಂದು ದಿನಕ್ಕೆ ಮಾತು ಕಲಿಯುವುದಿಲ್ಲ ಕಣಮ್ಮ. ಅಷ್ಟು ದಿನವೂ ನಿನ್ನ ಕೊಡ ತುಂಬಿಯೇ ಇತ್ತಲ್ಲ" ಎಂದರು.

ಅವಳ ತೋಳಿನಲ್ಲಿದ್ದ ಬುಟ್ಟಿಯ ಒದ್ದೆ ಬಟ್ಟೆಯಿಂದ ಚಾವಡಿಯ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

ಗಿಳಿ ಗೌಡರ ಜಗಲಿಯಲ್ಲಿ ಹಲವು ವರ್ಷ ಬದುಕಿತು. ಗರಿ ಮತ್ತೆ ಬಂತು. ಮಾತು ಮಾತ್ರ ಅದೇ ಉಳಿಯಿತು. ಹೂವಾಡಗಿತ್ತಿ ಆ ಬೀದಿಯನ್ನು ಬಿಟ್ಟು ಹಿಂದಿನ ಬೀದಿಯಿಂದ ಸುತ್ತಿ ಹೋಗಿ ಹೂವು ಮಾರಿದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಬಸಮ್ಮ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಕ್ಕಿಯಲ್ಲಿ ಬೆರಳಾಡಿಸಿದಳು. ಕಲ್ಲು ಕಾಣಿಸಿದರೂ ತೆಗೆಯಲಿಲ್ಲ.

"ಹಾಗಾದರೆ ನಾನು ದೂರು ಕೊಡಬೇಕೋ ಬೇಡವೋ, ಬುದ್ಧಿ?" ಎಂದಳು.

"ಆ ನಾಯಿಗೆ ಇವತ್ತು ಮಾತು ಬಂದರೆ ಅದು ಯಾರ ದನಿಯಲ್ಲಿ ಏನು ಹೇಳೀತು, ಮೊದಲು ಅದನ್ನು ಹೇಳು ತಾಯಿ" ಎಂದರು ಗುರುಗಳು.