ಆರು ಮೂಲೆಯ ಉಂಗುರ ಮತ್ತು ಆಯಸ್ಕಾಂತ

ಪ್ರಯೋಗಾಲಯದ ಮೇಜಿನ ಮೇಲೆ ಆಯಸ್ಕಾಂತವೊಂದು ಗುಂಡುಸೂಜಿಗಳನ್ನು ಅಂಟಿಸಿಕೊಂಡು ಗತ್ತಿನಿಂದ ಕೂತಿತ್ತು. ಇಂಗಾಲದ ಆರು ಪರಮಾಣುಗಳು ಕೈ ಕೈ ಹಿಡಿದು ಆಗಿದ್ದ ಉಂಗುರವೊಂದು ಅದರ ಬಳಿ ಓಡಿಬಂದು, "ಅಯ್ಯಾ, ಮೇಜು ಒರೆಸುವ ಬಟ್ಟೆ ಇತ್ತಲೇ ಬರುತ್ತಿದೆ. ನನ್ನನ್ನೂ ಹಿಡಿದುಕೊಳ್ಳಿ" ಎಂದಿತು.

"ನಾನು ಹಿಡಿಯುವುದು ಕಬ್ಬಿಣದ ಕುಲವನ್ನು. ನೀನು ಇದ್ದಿಲಿನ ಪೈಕಿ. ಮಸಿಯ ಜೊತೆ ಹೋಗು."

"ನನ್ನಲ್ಲೂ ಇಬ್ಬರು ಒಂಟಿ ಎಲೆಕ್ಟ್ರಾನ್‌ಗಳಿದ್ದಾರೆ. ಒಬ್ಬೊಬ್ಬನೂ ಪುಟ್ಟ ಆಯಸ್ಕಾಂತವೇ."

"ಹಾಗಿದ್ದರೆ ನನಗೇಕೆ ಏನೂ ತಾಗುತ್ತಿಲ್ಲ?"

ಉಂಗುರ ತನ್ನೊಳಗೆ ನೋಡಿಕೊಂಡಿತು. ಎದುರುಬದುರು ಮೂಲೆಗಳಲ್ಲಿದ್ದ ಆ ಇಬ್ಬರೂ ಜೋಡಿಯಾಗಿ, ಒಬ್ಬ ಮೇಲಕ್ಕೆ ಇನ್ನೊಬ್ಬ ಕೆಳಕ್ಕೆ ಮುಖ ಮಾಡಿ, ಒಬ್ಬರ ಬಲವನ್ನು ಇನ್ನೊಬ್ಬರು ಅಳಿಸಿಹಾಕಿದ್ದರು. "ಕೂರಿಸಿದ್ದರಲ್ಲೇ ತಪ್ಪಾಗಿದೆ" ಎನ್ನುತ್ತಾ ಉಂಗುರ ಒಬ್ಬನನ್ನು ಎಬ್ಬಿಸಿ ಅವನ ಪಕ್ಕದ ಮೂಲೆಗೆ ಸರಿಸಿತು; ಈಗ ಇಬ್ಬರ ನಡುವೆ ಒಂದೇ ಮೂಲೆ ಉಳಿಯಿತು. ಅಲ್ಲಿ ಜೋಡಿ ಕಟ್ಟಲು ದಾರಿಯಿರಲಿಲ್ಲ. ಇಬ್ಬರೂ ಒಂದೇ ಕಡೆ ಮುಖ ತಿರುಗಿಸಿದರು.

ಉಂಗುರ ಟಕ್ಕನೆ ಹಾರಿ ಆಯಸ್ಕಾಂತಕ್ಕೆ ಅಂಟಿಕೊಂಡಿತು.

"ಯಾವ ಲೋಹವನ್ನು ಕದ್ದು ತಂದೆ?" ಆಯಸ್ಕಾಂತ ಬೆಚ್ಚಿತು.

"ಯಾವುದನ್ನೂ ಇಲ್ಲ. ಅದೇ ಇಬ್ಬರು. ಕೂತ ಜಾಗ ಮಾತ್ರ ಬೇರೆ."

ಅಷ್ಟರಲ್ಲಿ ಬಟ್ಟೆ ಬಂದೇಬಿಟ್ಟಿತು. "ಈ ಮಸಿಗೆ ಇಲ್ಲೇನು ಕೆಲಸ?"

"ಮಸಿಯೇ?" ಆಯಸ್ಕಾಂತ ಸಿಡುಕಿತು. "ನಾಲಿಗೆ ಬಿಗಿಹಿಡಿದು ಮಾತಾಡು. ಇವನು ನಮ್ಮ ಮನೆಯವನು. ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?"