ಚಟ್ ಅಂದ ದಬ್ಬೆ

ಕಣ್ಣು ಮುಚ್ಚಿಕೋ ಮರಿ, ಕಿವಿ ಮಾತ್ರ ತೆಗೆದಿಟ್ಟುಕೋ. ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ಒಂದು ದೊಡ್ಡ ಹೊಳೆ ದಂಡೆಯಲ್ಲಿ ಹರಿಗೋಲು ಹೆಣೆಯೋರ ಮನೆ ಇತ್ತಂತೆ. ಹರಿಗೋಲು ದೊಡ್ಡ ಮಂಕರಿ ಥರ ದುಂಡಗಿರುತ್ತೆ. ಬಿದಿರಿನ ದಬ್ಬೆ ಹೆಣೆದು, ಹೊರಗಡೆ ತೊಗಲು ಹೊದಿಸಿ, ಮೇಲೆ ರಾಳ ಬಳೀತಾರೆ, ಆಮೇಲೆ ಅದರಲ್ಲಿ ಕೂತು ಹೊಳೆ ದಾಟೋದು.

ಆ ಮನೆಯಲ್ಲಿ ಹೆಣೆಯೋರು ಮೂರು ಜನ. ದೊಡ್ಡೋನು ಹಾಲಪ್ಪ, ನಡುವಿನವನು ಮುದ್ದಯ್ಯ, ಕೊನೆಯವಳು ಬೊಮ್ಮಕ್ಕ. ಬೊಮ್ಮಕ್ಕನ ಗಂಡ ತೀರಿಹೋಗಿ ಅವಳು ಅಣ್ಣಂದಿರ ಮನೆಗೆ ವಾಪಸು ಬಂದಿದ್ದಳಂತೆ. ಬಂದ ದಿನದಿಂದ ಅಡುಗೆಮನೆಯ ಮೂಲೆಯಲ್ಲೇ ಅವಳ ಚಾಪೆ. ಹರಿಗೋಲು ಹೆಣೆಯೋದನ್ನ ಮಾತ್ರ ಅಪ್ಪ ಮೂರು ಮಕ್ಕಳಿಗೂ ಒಂದೇ ಸಮ ಕಲಿಸಿ ಸತ್ತಿದ್ದ. ದಬ್ಬೆ ಒಂಬತ್ತು ದಿವಸ ಹೊಳೆಯಲ್ಲಿ ನೆನೀಬೇಕು, ಹೆಣೆಯುವಾಗ ಯಾವ ದಬ್ಬೆ ಸೀಳಿ ಚಟ್ ಅಂತೋ ಅದನ್ನ ಕಿತ್ತು ಒಲೆಗೆ ಹಾಕಬೇಕು. ಆ ಸದ್ದು ತಪ್ಪಿಹೋಗಬಾರದು ಅಂತ ಹೆಣೆಯುವ ಹೊತ್ತಿನಲ್ಲಿ ಅಪ್ಪ ಯಾರನ್ನೂ ಮಾತಾಡಗೊಡುತ್ತಿರಲಿಲ್ಲವಂತೆ.

ಹೀಗಿರುವಾಗ ಒಂದು ದಿವಸ ತಮಟೆ ಬಡಕೊಂಡು ದೊರೆ ಕಡೆಯವನು ಬಂದ. ದೊರೆಸಾನಿ ಮಗುವಿನ ಮುಡಿ ತೆಗೆಸೋಕೆ ಆಚೆ ದಡದ ದೇವರಿಗೆ ಹೋಗಬೇಕು, ಇಪ್ಪತ್ತು ದಿವಸದಲ್ಲಿ ಹರಿಗೋಲು ಬೇಕು, ಯಾರದು ಗೆಲ್ಲುತ್ತೋ ಅವರಿಗೆ ಹೊಳೆ ದಾಟಿಸೋ ಹಕ್ಕು, ದಂಡೆ ಮೇಲಿನ ಕಲ್ಲುಮನೆಯೂ ಅವರಿಗೇ ಅಂತ ಸಾರಿದನಂತೆ. ಬೊಮ್ಮಕ್ಕನಿಗೆ ಹಕ್ಕಿನ ಮಾತು ಅರ್ಧಂಬರ್ಧ ಕೇಳಿಸಿತು, ಕಲ್ಲುಮನೆ ಅಂದದ್ದು ಪೂರ್ತಿ ಕೇಳಿಸಿತು.

ಹತ್ತಿರದ ಬಿದಿರನ್ನೆಲ್ಲ ಅಣ್ಣಂದಿರು ಮೊದಲೇ ಕಡಿದುಬಿಟ್ಟಿದ್ದರು. ಬೊಮ್ಮಕ್ಕ ದೂರದ ಕಾಡಿಗೆ ಹೋಗಿ ಕಡಿದು ತರುವಷ್ಟರಲ್ಲಿ ಎರಡು ದಿವಸ ಕಳೆದುಹೋಯಿತಂತೆ. ಎಲ್ಲಿಂದ ತುಂಬಿಸೋದು ಆ ಎರಡು ದಿವಸಾನ? ಏಳನೇ ದಿವಸವೇ ದಬ್ಬೆಗಳನ್ನ ನೀರಿನಿಂದ ಎತ್ತಿಬಿಟ್ಟಳು. ಆಮೇಲೆ ತಳ ಹೆಣೆದು ಮುಗಿಸಿ ಅಂಚು ಬಾಗಿಸುತ್ತಾ ಇದ್ದಾಳೆ, ತಳದ ನಟ್ಟನಡುವಿನ ದಬ್ಬೆ ಚಟ್ ಅಂತಂತೆ.

ಹಾಲಪ್ಪನ ಹೆಂಡತಿ, ದೊಡ್ಡತ್ತಿಗೆ, ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಏನೇ ಅದು ಸದ್ದು ಅಂದಳು. ಪುಳ್ಳೆ ಮುರಿದೆ ಅತ್ತಿಗೆ ಅಂದುಬಿಟ್ಟಳು ಇವಳು. ಪುಳ್ಳೆಯಂತೆ ಪುಳ್ಳೆ, ನಾನೇನು ಈಗಲೇ ಹೋಗಿ ಕಲ್ಲುಮನೆ ಬಾಗಿಲಿಗೆ ತೋರಣ ಕಟ್ಟಿ ಬರಲೇನಮ್ಮಾ, ಮೊದಲು ಎದ್ದು ಆ ಪಾತ್ರೆ ತೊಳಿ ಅಂತ ಅತ್ತಿಗೆ ಒಳಗೆ ಹೋದಳಂತೆ. ಆ ಒಂದು ದಬ್ಬೆ ಕೀಳಬೇಕಾದರೆ ತಳವನ್ನೆಲ್ಲ ಬಿಚ್ಚಬೇಕು. ಬೊಮ್ಮಕ್ಕ ಬಿಚ್ಚಲಿಲ್ಲ. ಪಾತ್ರೆ ತೊಳೆದು ಬಂದು, ಮೇಲೆ ತೊಗಲು ಹೊದಿಸಿ ಹೊಲಿದು, ರಾಳ ಬಳಿದುಬಿಟ್ಟಳಂತೆ.

ಆಮೇಲೆ ಇಪ್ಪತ್ತನೇ ದಿವಸ ದೊರೆ ಬಂದ, ಮಂತ್ರಿ ಬಂದ, ಮಗುವನ್ನು ಎತ್ತಿಕೊಂಡು ದೊರೆಸಾನಿಯೂ ಬಂದಳು. ಮೂರು ಪರೀಕ್ಷೆ ಇಟ್ಟರಂತೆ. ಮೊದಲನೆಯದು, ಹರಿಗೋಲನ್ನು ಕಲ್ಲುಗಳ ಮೇಲೆ ಕೂರಿಸಿ ಒಳಗೆ ನೀರು ತುಂಬಿಸಿದರು. ಹಾಲಪ್ಪ ರಾಳದಲ್ಲಿ ಜಿಪುಣತನ ಮಾಡಿದ್ದ, ಮಧ್ಯಾಹ್ನದೊಳಗೆ ಅವನದರ ಕೆಳಗಿನ ಮಣ್ಣು ಕೆಸರಾಗಿತ್ತು. ಎರಡನೆಯದು, ಇಪ್ಪತ್ತು ಮೂಟೆ ರಾಗಿ ಹೇರಿ ನೀರಿಗೆ ಬಿಟ್ಟರು. ಮುದ್ದಯ್ಯ ಒಂದು ಪಕ್ಕ ಬಿಗಿ, ಒಂದು ಪಕ್ಕ ಸಡಿಲ ಹೆಣೆದಿದ್ದ, ಅವನದು ವಾಲಿಕೊಂಡು ರಾಗಿಯೆಲ್ಲ ಮೀನಿನ ಪಾಲಾಯಿತು. ಮೂರನೆಯದಕ್ಕೆ ಉಳಿದದ್ದು ಬೊಮ್ಮಕ್ಕನದೊಂದೇ. ಕರು ಹಾಕಿ ಮೂರೇ ದಿವಸವಾದ ಎಮ್ಮೆ, ಜತೆಗೆ ಅದರ ಕರು, ಎರಡನ್ನೂ ಹತ್ತಿಸಿ ಆಚೆ ದಡಕ್ಕೆ ಹೋಗಿಬಾ ಅಂದರಂತೆ. ಆ ಎಮ್ಮೆ ನಡುನೀರಿನಲ್ಲಿ ಒದೆಯಿತು, ತಿರುಗಿತು, ಬೊಮ್ಮಕ್ಕನ ಕಾಲ ಮೇಲೇ ಸಗಣಿ ಹಾಕಿತು. ಹರಿಗೋಲು ಮಾತ್ರ ಅಲುಗಲಿಲ್ಲ. ದಂಡೆಯವರೆಲ್ಲ ಕೇಕೆ ಹಾಕಿದರು. ಹುಟ್ಟು ಹಾಕುತ್ತಿದ್ದ ಬೊಮ್ಮಕ್ಕನ ಅಂಗಾಲಿಗೆ ಮಾತ್ರ ನಡುವಿನ ದಬ್ಬೆ ಒಂದು ಕೂದಲಿನಷ್ಟು ಸರಿದ ಹಾಗಾಯಿತಂತೆ.

ದಡಕ್ಕೆ ಬಂದಳು. ಎಮ್ಮೆ ಇಳಿಯಿತು. ದೊರೆ ಕಲ್ಲುಮನೆಯ ಬೀಗದ ಕೈ ಚಾಚಿದ. ಬೊಮ್ಮಕ್ಕ ಕೈ ನೀಡಲಿಲ್ಲವಂತೆ. ಬುದ್ಧಿ, ಈ ಹರಿಗೋಲು ಕೊಡೋಕಾಗಲ್ಲ, ಇದರ ತಳದಲ್ಲಿ ಒಂದು ದಬ್ಬೆ ಚಟ್ ಅಂದಿತ್ತು, ನಾನು ಕೀಳದೇ ಮುಚ್ಚಿಬಿಟ್ಟೆ ಅಂದಳಂತೆ.

ಮಂತ್ರಿಗೆ ರೇಗಿತು. ಮೂರು ಪರೀಕ್ಷೆ ಆಯ್ತಲ್ಲಮ್ಮ, ಎಮ್ಮೆಯೇ ದಾಟಿತಲ್ಲ!

ಎಮ್ಮೆ ದಾಟಿತು ಬುದ್ಧಿ, ಅದಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತು.

ಹಾಲಪ್ಪ ಮುಂದೆ ಬಂದು, ಅವಳು ಬೇಡ ಅಂದರೆ ಬಿಡಿ ದೊರೆಯೇ, ನನ್ನದಕ್ಕೆ ಇನ್ನೊಂದು ಕೈ ರಾಳ ಬಳಿದರೆ ಸಾಕು ಅಂದ. ಮುದ್ದಯ್ಯ, ನನ್ನದರಲ್ಲಿ ಎಲ್ಲರೂ ಒಂದೇ ಪಕ್ಕ ಕೂತರೆ ಏನೂ ಆಗಲ್ಲ ಅಂದ. ಅತ್ತಿಗೆಯಂತೂ ತಲೆ ತಲೆ ಚಚ್ಚಿಕೊಂಡಳಂತೆ. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ನನ್ನ ಅಡುಗೆಮನೆ ಖಾಲಿಯಾಗುತ್ತಿತ್ತಲ್ಲೇ!

ದೊರೆ ತೊಗಲು ಬಿಚ್ಚಿಸಿ ನೋಡಿದ. ನೋಡಿದರೆ ಸೀಳು ಉಗುರಿನಷ್ಟೂ ಇಲ್ಲ. ಮಂತ್ರಿ ನಕ್ಕುಬಿಟ್ಟ. ಇಷ್ಟಕ್ಕಾ ಇಷ್ಟು ರಂಪ, ಇದು ಇನ್ನು ಹತ್ತು ವರ್ಷ ಬರುತ್ತಿತ್ತು ಅಂದ.

ಬರುತ್ತಿತ್ತೇನೋ, ಬರುತ್ತೆ ಅಂತ ಹೇಳೋಕೆ ನನಗಾಗಲ್ಲ ಅಂದಳಂತೆ ಬೊಮ್ಮಕ್ಕ.

ಆಗ ದೊರೆಸಾನಿ ಕೇಳಿದಳಂತೆ, ಹೊಸದು ಮಾಡೋಕೆ ಎಷ್ಟು ದಿವಸ ಬೇಕು? ಬಿದಿರು ತರೋಕೆ ಎರಡು, ದಬ್ಬೆ ನೆನೆಯೋಕೆ ಒಂಬತ್ತು, ಉಳಿದದ್ದಕ್ಕೆ ಹನ್ನೊಂದು ತಾಯಿ ಅಂದಳು ಬೊಮ್ಮಕ್ಕ. ದೊರೆ, ಅಷ್ಟರಲ್ಲಿ ಮುಹೂರ್ತ ದಾಟಿಹೋಗುತ್ತೆ ಅಂದ. ದಾಟಲಿ, ಇನ್ನೊಂದು ಸಿಗುತ್ತೆ ಅಂದಳು ದೊರೆಸಾನಿ. ಹರಿಗೋಲಿನಲ್ಲಿ ಮಗು ಎತ್ತಿಕೊಂಡು ಕೂರೋಳು ನಾನು. ಉಗುರಿನಷ್ಟು ಸೀಳಿಗೇ ಬೇಡ ಅಂದವಳು ನಾಳೆ ಕೂತ್ಕೋ ಅಂದರೆ ನಾನು ಹಿಂದೆಮುಂದೆ ನೋಡಲ್ಲ, ಕೂತ್ಕೋತೀನಿ.

ದೊರೆ ದಂಡೆ ಮೇಲೆ ಡೇರೆ ಹಾಕಿಸಿದನಂತೆ. ಇಪ್ಪತ್ತೆರಡು ದಿವಸ ಹೊಳೆಯ ಮೀನು ತಿಂದು ತಿಂದು ಮಂತ್ರಿಗೆ ಹೊಟ್ಟೆ ಬಂತಂತೆ. ಆಮೇಲೆ ಬೊಮ್ಮಕ್ಕ ಹೊಸ ಹರಿಗೋಲು ನೀರಿಗಿಳಿಸಿ, ತಾನೊಬ್ಬಳೇ ಒಂದು ಸುತ್ತು ಹೋಗಿಬಂದು, ಈಗ ಕೂತ್ಕೊಳ್ಳಿ ತಾಯಿ ಅಂದಳು. ದೊರೆಸಾನಿ ಕೂತಳು. ಮಗು ಆ ದಡ ಬರೋವರೆಗೂ ನಿದ್ದೆ ಮಾಡಿತು.

ಬೀಗದ ಕೈ ಬೊಮ್ಮಕ್ಕನ ಸೆರಗಿನ ಗಂಟಿಗೆ ಬಂತು. ಅವತ್ತು ಅವಳು ಕಲ್ಲುಮನೆಯಲ್ಲಿ ಒಲೆ ಹೂಡಿ, ಬಿಸಿಮುದ್ದೆ, ಮೀನುಸಾರು ಮಾಡಿಕೊಂಡು, ಯಾರೂ ಕೆಲಸಕ್ಕೆ ಕರೆಯದೆ ನಿಧಾನಕ್ಕೆ ಉಂಡು, ಮನೆಯ ನಡುಮಧ್ಯೆ ಚಾಪೆ ಹಾಸಿ ಕಾಲು ಚಾಚಿ ಮಲಗಿದಳಂತೆ. ಅವಳ ಕಣ್ಣು ಮುಚ್ಚಿತು, ಕತೆಯೂ ಮುಗೀತು.